ಪುಟ್ಟಮಲ್ಲಮ್ಮನ ಜಗಲಿ, ಅದರ ಕೆಳಗಿನ ಮೋರಿ

ಕೊಳ್ಳೇಗಾಲದ ಪೇಟೆಯಲ್ಲಿ ಪುಟ್ಟಮಲ್ಲಮ್ಮನ ದಿನಸಿ ಅಂಗಡಿಯ ಮುಂದೆ ಒಂದು ಜಗಲಿ ಇತ್ತು. ಆ ಜಗಲಿಗೊಂದು ಕಟ್ಟಳೆ ಇತ್ತು. ಅದರ ಮೇಲೆ ಕೂತವರನ್ನು ಯಾರೂ ಏಳಿ ಎನ್ನುವಂತಿಲ್ಲ. ನಾನು ಹನೂರಿನಿಂದ ಹೊಲಿಗೆ ಮಿಷನ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಒಂದಿಷ್ಟು ಹೊತ್ತು ನೆರಳಿಗಿರಲಿ ಎಂದು ಮಿಷನ್ನನ್ನು ಜಗಲಿಯ ಮೂಲೆಗೆ ಇಳಿಸಿ ಪಕ್ಕದಲ್ಲಿ ಕೂತೆ. ಯಾರೂ ಏಳು ಅನ್ನಲಿಲ್ಲ. ಸಂಜೆಗೆ ಯಾರದೋ ಅಂಗಿಗೆ ಗುಂಡಿ ಹಾಕಿಕೊಟ್ಟೆ, ಮಾರನೆಯ ದಿನ ಇನ್ಯಾರದೋ ಚಡ್ಡಿ ಹೊಲಿದೆ. ಹಾಗೆ ಕೂತವನು ಕೂತೇ ಬಿಟ್ಟೆ. ಅದು ಕೊಳ್ಳೇಗಾಲ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಐವತ್ತಾರನೇ ಇಸವಿ. ಊರಿಗೆ ಊರೇ ರಾಜ್ಯ ಬದಲಿಸುತ್ತಿದ್ದಾಗ ಒಬ್ಬ ದರ್ಜಿ ಜಾಗ ಬದಲಿಸಿದ್ದನ್ನು ಗಮನಿಸುವವರು ಯಾರಿದ್ದರು?

ಪುಟ್ಟಮಲ್ಲಮ್ಮ ಗಮನಿಸಿದ್ದಳು. ವಾರ ಕಳೆದ ಮೇಲೆ ಒಂದು ದಿನ ತಕ್ಕಡಿ ಕೆಳಗಿಟ್ಟು ಹೊರಗೆ ಬಂದು ನನ್ನನ್ನೂ ಮಿಷನ್ನನ್ನೂ ನೋಡಿದಳು.

“ಏನಪ್ಪಾ, ನೀನು ಮಾದಪ್ಪನ ಬೆಟ್ಟಕ್ಕೆ ಓಗೋನಾ, ಬೆಟ್ಟದಿಂದ ಬಂದೋನಾ?”

“ಎರಡೂ ಅಲ್ಲ ಕಣವ್ವ. ನಾನು ಹನೂರಿನ ಮುತ್ತಯ್ಯ. ಬಟ್ಟೆ ಹೊಲಿಯೋನು.”

“ಸರಿ ಬುಡು. ಕೂತಿದ್ದೀಯ, ಕೂತಿರು. ಚಿಂದಿ ಮಾತ್ರ ಬೀದಿಗೆ ಎಸೀಬೇಡ,” ಎಂದು ಒಳಗೆ ಹೋದಳು.

ಅಂದಿನಿಂದ ನನಗೆ ಅವಳು ಅವ್ವ. ಅವ್ವನ ಬಗ್ಗೆ ಮಾತಾಡುವಾಗ ಬಹುವಚನ ಹಾಕಿ ನನಗೆ ಅಭ್ಯಾಸವಿಲ್ಲ. ಅವಳಿಗೆ ಮರ್ಯಾದೆ ಕಡಿಮೆ ಮಾಡಿದೆ ಎಂದು ಯಾರೂ ಸಿಟ್ಟಾಗಬಾರದು.

ಅವ್ವ ಯಳಂದೂರು ಕಡೆಯ ಹೆಣ್ಣು. ದೊಡ್ಡಮಾದಪ್ಪ ಎಂಬ ದಿನಸಿ ವ್ಯಾಪಾರಿಗೆ ಮದುವೆಯಾಗಿ ಬಂದವಳು. ಗಂಡ ಒಳ್ಳೆಯವನಂತೆ, ಆದರೆ ಆಯುಸ್ಸು ಕಡಿಮೆ. ಅವನು ಹೋದ ಮೇಲೆ ಅತ್ತೆ ಮಹಾದೇವಮ್ಮ ಸೊಸೆಯನ್ನು ಅಡಿಗೆಮನೆಯಿಂದ ಕೈಹಿಡಿದು ಕರೆತಂದು ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದಳಂತೆ. ಹೆಂಗಸು ತಕ್ಕಡಿ ಹಿಡಿಯುವುದುಂಟೇ ಎಂದು ನೆಂಟರು ಮೂಗು ಮುರಿದರು. ಅತ್ತೆ ಅದಕ್ಕೆ ಸೊಪ್ಪು ಹಾಕಲಿಲ್ಲ. ನಾನು ಬರುವ ಹೊತ್ತಿಗೆ ಅತ್ತೆಯೂ ಇರಲಿಲ್ಲ. ಹಣೆ ತುಂಬ ವಿಭೂತಿ ಇಟ್ಟುಕೊಂಡು ಅವ್ವ ಒಬ್ಬಳೇ ಅಂಗಡಿ ನಡೆಸುತ್ತಿದ್ದಳು. ಬಾಯಿ ಜೋರು. ಅಕ್ಕಿಯಲ್ಲಿ ಕೈಯಾಡಿಸಿ ಕಲ್ಲಿದೆ ಎಂದ ಬೊಚ್ಚುಬಾಯಿಯ ಮುದುಕನಿಗೆ “ನಿನ್ನ ಬಾಯಲ್ಲಿ ಅಲ್ಲಿಲ್ಲ, ಅಕ್ಕೀಲಿ ಕಲ್ಲಿದ್ರೇನು?” ಎಂದುಬಿಡುವಳು. ಆಮೇಲೆ ಆ ಮುದುಕನಿಗೆ ತಾನೇ ಮೊರ ತಂದು ಅಕ್ಕಿ ಕೇರಿಕೊಡುವಳು.

ಜಗಲಿಯ ಕಟ್ಟಳೆ ಆ ಅತ್ತೆಯದು. ದೀಪಾವಳಿ, ಶಿವರಾತ್ರಿ, ಯುಗಾದಿ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ನಮ್ಮ ಬೀದಿಯಲ್ಲೇ ಹಾಯಬೇಕು. ಅವರನ್ನು ನಾವು ಬೆಟ್ಟದವರು ಎನ್ನುತ್ತಿದ್ದೆವು. ಇಲ್ಲಿ ಒಂದು ಹೊತ್ತು ಕಾಲು ಚಾಚಿ, ಬುತ್ತಿ ಬಿಚ್ಚಿ ಉಂಡು, ಹನೂರಿನ ದಾರಿ ಹಿಡಿಯುವರು. ಮಹಾದೇವಮ್ಮ ಸಾಯುವ ಮುಂಚೆ ಸೊಸೆಯನ್ನು ಕರೆದು, “ಮಾದಪ್ಪನ ಒಕ್ಲು ಕೂರೋ ಜಾಗ ಕಣಮ್ಮಿ ಅದು. ಕೂತೋರ್ನ ಎದ್ದೇಳಿ ಅನ್ಬೇಡ,” ಎಂದಿದ್ದಳು. ಅವ್ವ ಕೊರಳಲ್ಲಿದ್ದ ಲಿಂಗ ಮುಟ್ಟಿ ಮಾತು ಕೊಟ್ಟಿದ್ದಳು. ಆ ಮಾತಿನ ನೆರಳಲ್ಲೇ ನನ್ನ ಹೊಟ್ಟೆ ತುಂಬುತ್ತಿತ್ತು. ಆದ್ದರಿಂದ ಆ ಅತ್ತೆಯನ್ನು ನಾನು ಕಣ್ಣಲ್ಲಿ ಕಾಣದಿದ್ದರೂ ದಿನಾ ನೆನೆಯುತ್ತಿದ್ದೆ.

ಇಷ್ಟೆಲ್ಲ ಒಳ್ಳೆಯದಿದ್ದ ಜಗಲಿಗೆ ಒಂದು ಕೆಡುಕಿತ್ತು. ಅದು ಮೋರಿಯ ಮೇಲೆ ಕೂತಿತ್ತು. ಮರಡಿಗುಡ್ಡದ ಕಡೆಯಿಂದ ಇಳಿದು ಬರುವ ಮಳೆನೀರೆಲ್ಲ ಬೀದಿಯ ಪಕ್ಕದ ಮೋರಿಯಲ್ಲಿ ಹರಿದು ಕೆರೆ ಸೇರಬೇಕು. ಹಿಂದೆ ಯಾವ ಕಾಲದಲ್ಲೋ ಆ ಮೋರಿಯ ಮೇಲೆ ದಪ್ಪ ಕಲ್ಲು ಹಾಸಿ, ಗಾರೆ ಮೆತ್ತಿ ಜಗಲಿ ಮಾಡಿದ್ದರು. ಮೋರಿಯ ಹೂಳು ತೆಗೆಯುವ ಆಳುಗಳು ವರ್ಷಕ್ಕೊಮ್ಮೆ ಹಾರೆ ಗುದ್ದಲಿ ಹಿಡಿದು ಬರುವರು. ಬಂದಾಗ ಜಗಲಿಯ ಮೇಲೆ ಯಾರಾದರೂ ಮಲಗಿರುವರು. ಬೆಟ್ಟದವರು ಇಲ್ಲದಿದ್ದರೆ ನಾನಂತೂ ಇದ್ದೇ ಇದ್ದೆ. ಆಳುಗಳು ಅವ್ವನ ಮುಖ ನೋಡುವರು, ಅವ್ವ ಕಾಣದವಳಂತೆ ಬೆಲ್ಲದ ಅಚ್ಚು ಒಡೆಯುವಳು. ಕೊನೆಗೆ ಅವರ ಕೈಗೊಂದೊಂದು ಚೂರು ಬೆಲ್ಲ ಹಾಕಿದರೆ ಅವರು ಮುಂದಿನ ಅಂಗಡಿಗೆ ಹೋಗುವರು. ಹೀಗೆ ಬೀದಿಯ ಉದ್ದಕ್ಕೂ ಹೂಳು ತೆಗೆದರೂ ನಮ್ಮ ಜಗಲಿಯ ಕೆಳಗೆ ಮಾತ್ರ ತೆಗೆಯುತ್ತಿರಲಿಲ್ಲ. ಮಣ್ಣು, ಬಾಳೆಲೆ, ದೊನ್ನೆ, ನನ್ನ ಚಿಂದಿ, ಎಲ್ಲ ಅಲ್ಲಿ ಸೇರಿ ಗಟ್ಟಿಯಾಗುತ್ತಾ ಹೋಯಿತು. ಕಣ್ಣಿಗೆ ಕಾಣದ್ದನ್ನು ಯಾರು ಯೋಚನೆ ಮಾಡುತ್ತಾರೆ?

ಅರವತ್ತಮೂರರಲ್ಲಿ ಚಿತ್ತೆ ಮಳೆ ಹಿಡಿದುಕೊಂಡಿತು. ಎರಡು ದಿನ ಸುರಿದದ್ದು ನಿಲ್ಲಲೇ ಇಲ್ಲ. ಗುಡ್ಡದ ಕೆಂಪು ನೀರು ಮೋರಿ ತುಂಬಿಕೊಂಡು ಬಂದು ನಮ್ಮ ಜಗಲಿಗೆ ಬಡಿದು, ಕೆಳಗೆ ದಾರಿ ಕಾಣದೆ ಮೇಲಕ್ಕೆ ಹತ್ತಿತು. ಅರ್ಧ ಅಂಗಡಿಯೊಳಗೆ ನುಗ್ಗಿತು, ಅರ್ಧ ಬೀದಿಗುಂಟ ಇಳಿದು ಹೋಯಿತು. ಉಪ್ಪಿನ ಮೂಟೆ ನಮ್ಮ ಕಣ್ಣೆದುರೇ ಕರಗಿತು. ಬೆಲ್ಲ ಪಾಕವಾಯಿತು. ಎರಡನೆಯ ದಿನ ಮಧ್ಯಾಹ್ನ, ನೆನೆದು ನೆನೆದು ಸುಸ್ತಾಗಿದ್ದ ಮಣ್ಣಿನ ಗೋಡೆ ಒಂದು ಕಡೆಗೆ ವಾಲಿ ಕುಸಿದು ಕೂತಿತು. ಮಾಡಿನ ಹೆಂಚು ಅದರ ಹಿಂದೆಯೇ ಬಂತು. ಅವ್ವನಿಗೆ ಏನೂ ಆಗಲಿಲ್ಲ. ಜಗಲಿಗೂ ಏನೂ ಆಗಲಿಲ್ಲ. ಅದು ಕಲ್ಲಿನದಲ್ಲವೇ.

ಗೋಡೆ ಬಿದ್ದ ದಿನ ಅವ್ವ ಅಳಲಿಲ್ಲ. ಉಳಿದ ಸಾಮಾನನ್ನು ತೆಂಗಿನ ಗರಿಯ ಚಪ್ಪರದ ಕೆಳಗೆ ಜೋಡಿಸಿಕೊಂಡು ಮೂರನೆಯ ದಿನವೇ ವ್ಯಾಪಾರಕ್ಕೆ ಕೂತಳು. “ಮಣ್ಣಿನ ಗೋಡೆ ಇನ್ಯಾಕೆ? ಇಟ್ಟಿಗೇಲಿ ಕಟ್ಟುಸ್ತೀನಿ,” ಎಂದಳು. ಯಳಂದೂರಿಗೆ ಕೊಟ್ಟಿದ್ದ ಮಗಳು ನೆರವಾಗುತ್ತೇನೆಂದಳು, ಗಾರೆ ಕೆಲಸದ ಮಾರಯ್ಯ ಸುಗ್ಗಿ ಮುಗಿದ ಮೇಲೆ ಬರುತ್ತೇನೆಂದ. ಇನ್ನೇನು, ಪುರಸಭೆಯ ಅಪ್ಪಣೆಯೊಂದು ಸಿಕ್ಕಿದರೆ ಅಂಗಡಿ ಎದ್ದ ಹಾಗೆಯೇ ಎಂದುಕೊಂಡೆವು.

ಅಪ್ಪಣೆಗೆಂದು ಜಾಗ ನೋಡಲು ಬಂದವನು ಓವರ್ಸಿಯರ್ ಶಿವನಂಜಯ್ಯ. ಸಣ್ಣ ವಯಸ್ಸು, ಬಿಳಿ ಅಂಗಿ, ಕಾಲಿಗೆ ಬೂಟು. ಬಂದವನೇ ಬೂಟು ಬಿಚ್ಚಿ ಪಂಚೆ ಎತ್ತಿಕಟ್ಟಿ ಕಪ್ಪು ಕೆಸರಿನ ಮೋರಿಗೆ ಇಳಿದುಬಿಟ್ಟ. ನನಗೆ ಅವನ ಮೇಲೆ ಗೌರವ ಬಂದದ್ದು ಆಗಲೇ. ಅವನ ಟೇಪು ಕೆಸರಲ್ಲಿ ಬಿದ್ದು ತಿರುಗದಾದಾಗ ನನ್ನ ಕೊರಳಲ್ಲಿದ್ದ ಹೊಲಿಗೆಯ ಟೇಪನ್ನೇ ಕೊಟ್ಟೆ. ಜಗಲಿಯ ಬಾಯಿಗೆ ಒಂದು ಉದ್ದ ಕೋಲು ತೂರಿಸಿ ನೋಡಿದ. ಕೋಲು ಒಂದು ಮೊಳ ಹೋಗಿ ನಿಂತಿತು.

“ಅಮ್ಮ,” ಎಂದ, “ಹೊಸದಾಗಿ ಕಟ್ಟೋ ಅಂಗಡಿಗೆ ಮಳೆನೀರಿನ ನಿಯಮ ಇದೆ. ನೆಲ ಈ ಸಲ ನೀರು ನಿಂತ ಗುರುತಿಗಿಂತ ಒಂದು ಮೊಳ ಮೇಲಿರಬೇಕು. ಮಾಡಿನ ನೀರು ಪಕ್ಕದವರ ಗೋಡೆಗೆ ಬೀಳದೆ ತಗಡಿನ ದೋಣೀಲಿ ಮೋರಿಗೆ ಇಳೀಬೇಕು.”

“ಆಗ್ಲಪ್ಪ. ಎರಡನ್ನೂ ಮಾಡುಸ್ತೀನಿ.”

“ಮೋರಿ ಮೇಲೆ ಕಟ್ಟಡ ಇರಕೂಡದು. ಅದು ಆಕಾಶಕ್ಕೆ ತೆರೆದಿರಬೇಕು. ದಾಟೋಕೆ ಬೇಕಾದ್ರೆ ಎತ್ತಿ ಇಡೋ ಅಂಥ ಚಪ್ಪಡಿ ಹಾಕಿಕೊಳ್ಳಿ. ಈ ಜಗಲಿ ಒಡೀಬೇಕು.”

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿತ್ತು.

“ಯಾರಪ್ಪಾ ನೀನು? ಯಾವೂರು?”

“ಯಳಂದೂರು.”

“ನಮ್ಮ ಕಡೆಯೋನೇ ಆಗಿ ಇಂಗಂತೀಯಲ್ಲ! ಈ ಜಗಲಿ ಮದ್ರಾಸ್ ಕಾಲದ್ದು. ನಿಮ್ಮ ಮೈಸೂರು ಕಾನೂನ ನಿನ್ನೆ ಮೊನ್ನೆ ಕಟ್ದೋರಿಗೆ ಯೋಳು, ಓಗು.”

“ಮದ್ರಾಸಿನವರ ನಿಯಮದಲ್ಲೂ ಇದೇ ಇತ್ತಮ್ಮ. ಯಾರೂ ಕೇಳಲಿಲ್ಲ ಅಷ್ಟೆ.”

ಅವ್ವ ಸಿಕ್ಕಿಸಿದ್ದ ಸೆರಗನ್ನು ಸೊಂಟದಿಂದ ಬಿಡಿಸಿಕೊಂಡಳು. ಅಂಥದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಅತ್ತೆಯ ಮಾತು, ಲಿಂಗ ಮುಟ್ಟಿದ್ದು, ಬೆಟ್ಟದವರು, ಎಲ್ಲವನ್ನೂ ಅವನಿಗೆ ಹೇಳಿದಳು. ಶಿವನಂಜಯ್ಯ ಪೂರ್ತಿ ಕೇಳಿದ. ನಗಲಿಲ್ಲ, ಸಿಟ್ಟಾಗಲೂ ಇಲ್ಲ.

“ನಮ್ಮೂರಲ್ಲಿ ಹೊಳೆ ಬಂದಾಗ ನಮ್ಮಜ್ಜಿ ಮನೆ ಹೋಯ್ತಮ್ಮ. ಮೇಲುಗಡೆಯವರು ನೀರಿಗೆ ಅಡ್ಡ ಕಟ್ಟಿದ್ದರು. ಅವರ ಮನೆಗೆ ಏನೂ ಆಗಲಿಲ್ಲ,” ಎಂದ. “ಇಲ್ಲಿ ನೀವು ನೆಲ ಎತ್ತರಿಸಿ ಜಗಲಿ ಹಾಗೇ ಬಿಟ್ಟರೆ ನಿಮ್ಮ ಅಂಗಡಿಗೆ ನುಗ್ಗುತ್ತಿದ್ದ ನೀರೂ ಕೆಳಗಿನವರಿಗೇ ಹೋಗುತ್ತೆ. ಬೀದಿ ಕೊನೇಲಿ ಪುರಿ ಹುರೀತಾರಲ್ಲ, ಒಂದು ಮಳೇಲಿ ಆ ಭಟ್ಟಿ ಕಡೆ ಹೋಗಿ ನೋಡಿ ಬನ್ನಿ.”

“ಪುರಿ ಮಾಡೋ ಸೋಮಮ್ಮನಾ? ದಿನಾ ಬೆಳಗ್ಗೆ ನನ್ನತ್ರ ಉಪ್ಪು ತಕಂಡು ಓಯ್ತಾಳೆ. ಒಂದು ದಿನಾನೂ ಒಂದು ಮಾತು ಆಡಿಲ್ಲ. ನಿಂಗೆ ಬಂದು ದೂರು ಕೊಟ್ಟಳಾ?”

“ಇಲ್ಲ. ನನಗೂ ಹೇಳಲಿಲ್ಲ. ಭಟ್ಟಿ ಗೋಡೆ ಮೇಲೆ ನೀರಿನ ಗುರುತು ನೋಡಿದೆ,” ಎಂದು ಶಿವನಂಜಯ್ಯ ನನ್ನ ಟೇಪನ್ನು ತೊಳೆದು ವಾಪಸ್ಸು ಕೊಟ್ಟು ಹೊರಟ.

ಅಪ್ಪಣೆ ಸಿಗಲಿಲ್ಲ. ಅವ್ವ ಹಟ ಬಿಡಲಿಲ್ಲ. ಶಿವರಾತ್ರಿ ಬಂತು, ಬೆಟ್ಟದವರು ಬಂದರು, ಜಗಲಿಯ ಮೇಲೆ ಕೂತು ಹಿಂದೆ ಅಂಗಡಿಯಿದ್ದ ಬಯಲನ್ನು ನೋಡಿ ಲೊಚಗುಟ್ಟಿದರು. ಯುಗಾದಿಯೂ ಆಯಿತು. ಮಾರಯ್ಯ ಬಂದು ಬಂದು ಬೇಸತ್ತು ಬೇರೆ ಕೆಲಸ ಹಿಡಿದ. ಚಪ್ಪರದ ಕೆಳಗೆ ಹೆಚ್ಚು ಸಾಮಾನು ಇಡುವಂತಿರಲಿಲ್ಲ. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೋಗತೊಡಗಿದರು. ಇನ್ನೊಂದು ಮಳೆಗಾಲ ಹೀಗೆಯೇ ಕಳೆದರೆ ಪುಟ್ಟಮಲ್ಲಮ್ಮನ ಅಂಗಡಿ ಎಂಬುದು ಇರುವುದಿಲ್ಲ ಎಂದು ಬೀದಿಗೆಲ್ಲ ಗೊತ್ತಿತ್ತು. ಜಗಲಿ ಉಳಿಸಿಕೊಂಡರೆ ಅಂಗಡಿ ಹೋಗುತ್ತದೆ, ಅಂಗಡಿ ಕಟ್ಟಿದರೆ ಕೊಟ್ಟ ಮಾತು ಹೋಗುತ್ತದೆ. ಅವ್ವ ನಡುವೆ ಸಿಕ್ಕಿಕೊಂಡಿದ್ದಳು.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ಜಗಲಿ ಉಳಿಯಲಿ ಎಂದು ನಾನು ಮಾದಪ್ಪನಿಗೆ ದಿನಾ ಕೈಮುಗಿಯುತ್ತಿದ್ದೆ. ಅದರಲ್ಲಿ ಭಕ್ತಿಯೆಷ್ಟು, ನನ್ನ ಮಿಷನ್ನಿನ ಚಿಂತೆಯೆಷ್ಟು ಎಂದು ಮಾದಪ್ಪನೇ ಬಲ್ಲ.

ಭರಣಿ ಮಳೆ ಬಂದದ್ದು ಒಂದು ಮಧ್ಯಾಹ್ನ. ಗಾಳಿಯೆದ್ದು, ಗುಡುಗಿ, ಗುಡ್ಡದ ಮೇಲೆ ಹೊಯ್ದುಬಿಟ್ಟಿತು. ಮೋರಿ ನೋಡನೋಡುತ್ತಿದ್ದಂತೆ ತುಂಬಿ ಜಗಲಿಗೆ ಬಡಿದು ಬೀದಿಗೆ ಹತ್ತಿತು. ನಾನು ಮಿಷನ್ನಿಗೆ ಗೋಣಿ ಹೊದಿಸುತ್ತಿದ್ದೆ. ಅವ್ವ ಚಪ್ಪರದ ಕೆಳಗೆ ನಿಂತು ನೀರು ಎತ್ತ ಹೋಗುತ್ತದೆಂದು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಗೋಣಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಮೊಣಕಾಲುದ್ದ ನೀರಿಗಿಳಿದು ಬೀದಿಯಲ್ಲಿ ಕೆಳಕ್ಕೆ ನಡೆದಳು. ಜಾರಿಬಿದ್ದಾಳು ಎಂದು ಹೆದರಿ ನಾನೂ ಹಿಂದೆ ಹೋದೆ.

ಸೋಮಮ್ಮನ ಪುರಿಭಟ್ಟಿ ಇಳಿಜಾರಿನ ಕೊನೆಯಲ್ಲಿ, ಬೀದಿಗಿಂತ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ನೀರು ಹೊಸ್ತಿಲು ದಾಟಿ ನೇರ ಒಲೆಯ ಬಾಯಿಗೆ ನುಗ್ಗುತ್ತಿತ್ತು. ಒಲೆ ಆರಿ ಹೊಗೆ ಕಾರುತ್ತಿತ್ತು. ಹುರಿಯುವ ಮರಳು ಬಾಣಲೆಯಲ್ಲಿ ನೆನೆದು ಕೆಸರಾಗಿತ್ತು. ಪುರಿಗೆಂದು ಹದ ಮಾಡಿಟ್ಟ ಅಕ್ಕಿ ನೀರಿನಲ್ಲಿ ಹರಡಿ ತೇಲುತ್ತಿತ್ತು. ಸೋಮಮ್ಮ ಮಡಕೆಯಲ್ಲಿ ನೀರು ತೋಡಿ ತೋಡಿ ಹೊರಗೆ ಚೆಲ್ಲುತ್ತಿದ್ದಳು. ಚೆಲ್ಲಿದಷ್ಟೂ ಒಳಗೆ ಬರುತ್ತಿತ್ತು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ, ಇದು ಅವಳಿಗೆ ರೂಢಿಯ ಕೆಲಸ.

ಅವ್ವ ಬಾಗಿಲಲ್ಲೇ ನಿಂತಳು.

“ಎಷ್ಟು ವರ್ಸದಿಂದ ಇಂಗೆ?”

“ನಾ ಮದುವೆಯಾಗಿ ಬಂದಾಗ್ಲಿಂದ ಇಂಗೇ ಕಣವ್ವ. ಮಳೆ ಬಂದ್ರೆ ಒಲೆ ಹಚ್ಚಂಗಿಲ್ಲ. ಬುಡು, ಮಳೇಲಿ ಪುರಿ ಕೊಳ್ಳೋರ್ಯಾರು?”

“ದಿನಾ ಬತ್ತೀಯಲ್ಲ ನನ್ನತ್ರ. ಬಾಯಿ ಬಿದ್ದೋಗಿತ್ತಾ ನಿಂಗೆ? ನಂಗ್ಯಾಕೆ ಯೋಳ್ಲಿಲ್ಲ?”

ಸೋಮಮ್ಮ ಮಡಕೆ ಕೆಳಗಿಟ್ಟಳು. “ಎಂಗೆ ಯೋಳ್ಲವ್ವ? ಮಾದಪ್ಪನ ಒಕ್ಲು ಮಲಗೋ ಜಗಲಿ ಅದು. ಅದ್ರ ಮ್ಯಾಲೆ ದೂರು ಯೋಳಿ ನಾನು ಯಾವ ಬಾಗಿಲಿಗೆ ಓಗ್ಲಿ? ನಮ್ಮವ್ವ ಬೆಟ್ಟಕ್ಕೆ ಓಗ್ತಾ ಜ್ವರ ಬಂದು ಅಲ್ಲೇ ಮಲಗಿದ್ಲಂತೆ. ನಿಮ್ಮತ್ತೆ ಗಂಜಿ ಕಾಯಿಸಿ ಕುಡಿಸಿದ್ರಂತೆ.”

ಅವ್ವ ಆ ನೀರಿನಲ್ಲೇ ಕುಸಿದು ಕೂತಳು. ಗೋಡೆ ಬಿದ್ದಾಗ ಅಳದವಳು ಅವತ್ತು ಗೊಳೋ ಎಂದು ಅತ್ತಳು. ಆಮೇಲೆ ಎದ್ದು ಕಣ್ಣೊರೆಸಿಕೊಂಡು, ಮೂಲೆಯಲ್ಲಿದ್ದ ಇನ್ನೊಂದು ಮಡಕೆ ತೆಗೆದುಕೊಂಡು ನೀರು ತೋಡತೊಡಗಿದಳು. ನಾನೂ ತೋಡಿದೆ. ಮಳೆ ನಿಲ್ಲುವವರೆಗೂ ಮೂವರೂ ತೋಡಿದೆವು.

ವಾಪಸ್ಸು ಬರುವಾಗ ದಾರಿಯಲ್ಲಿ ಅವ್ವ ಒಂದೇ ಮಾತಾಡಿದಳು.

“ನಮ್ಮತ್ತೆ ಕೂತೋರ್ನ ಎದ್ದೇಳಿ ಅನ್ಬೇಡ ಅಂದ್ರು ಕಣ್ಲಾ ಮುತ್ತಯ್ಯ. ಸೋಮಮ್ಮನ ಒಲೆ ಆರ್ಸು ಅಂತ ಅನ್ನಲಿಲ್ಲ.”

ಮಾರನೆಯ ಬೆಳಗ್ಗೆ ನಾನು ಎಂದಿನಂತೆ ಮಿಷನ್ನಿಗೆ ಎಣ್ಣೆ ಬಿಟ್ಟು ಕೂತಿದ್ದೆ. ಅವ್ವ ಸ್ನಾನ ಮಾಡಿ, ಪೂಜೆ ಮುಗಿಸಿ, ವಿಭೂತಿ ಬಳಿದುಕೊಂಡು ಬಂದು ನನ್ನೆದುರು ನಿಂತಳು. ಕೊರಳ ಲಿಂಗವನ್ನು ಒಂದು ಸಲ ಮುಟ್ಟಿಕೊಂಡಳು.

“ಮುತ್ತಯ್ಯ, ಎದ್ದೇಳಪ್ಪ.”

ಆ ಜಗಲಿಯ ಮೇಲೆ ಆ ಮಾತು ಹುಟ್ಟಿದ್ದು ಅದೇ ಮೊದಲು. ನನಗೆ ಗೊತ್ತಿತ್ತು, ಅವಳು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾಳೆ ಎಂದು. ಮಳೆಯಲ್ಲಿ ನಿಂತು ನಾನೇ ಕಣ್ಣಾರೆ ನೋಡಿದ್ದೆ. ಆದರೂ ಎದೆಗೆ ಚುಚ್ಚಿತು. ಇಷ್ಟು ವರ್ಷ ನಾನು ಅಲ್ಲಿ ಕೂತಿದ್ದು ಬರೀ ಕಟ್ಟಳೆಯ ದಯೆಯಿಂದ, ಕಟ್ಟಳೆ ಮುರಿದ ಮೇಲೆ ನಾನು ಯಾರೂ ಅಲ್ಲ ಎನ್ನಿಸಿತು. ಮಿಷನ್ನನ್ನು ಹೊತ್ತು ಬಸ್‌ಸ್ಟ್ಯಾಂಡಿನ ಹತ್ತಿರದ ಹುಣಸೆಮರದ ಕೆಳಗೆ ಹೋಗಿ ಕೂತೆ. ಅಲ್ಲಿ ಬಸ್ಸಿನ ಧೂಳು, ಕಾಗೆಯ ಕಾಟ, ಏಳು ಅನ್ನುವ ಪೊಲೀಸು.

ಹುಣಸೆಮರದಿಂದ ಜಗಲಿಯ ಸುದ್ದಿಯೆಲ್ಲ ನನಗೆ ಸಿಗುತ್ತಿತ್ತು. ಮುನಿಸಿಕೊಂಡವನಂತೆ ಕೂತಿದ್ದರೂ ದಿನಕ್ಕೆ ಎರಡು ಸಲ ಬೀಡಿ ತರುವ ನೆಪದಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಮಾರಯ್ಯ ಹಾರೆ ಹಾಕಿ ಗಾರೆ ಒಡೆದ. ಕಲ್ಲು ಎತ್ತಿದಾಗ ಬಂದ ನಾತಕ್ಕೆ ಬೀದಿಯೇ ಮೂಗು ಮುಚ್ಚಿಕೊಂಡಿತು. ಗಾಡಿಗಟ್ಟಲೆ ಹೂಳು ಹೊರಗೆ ಬಂತು. ಬೆಟ್ಟದವರ ಹಿತ್ತಾಳೆ ಚೆಂಬುಗಳು, ಯಾರದೋ ಕಾಲುಂಗುರ, ಎಂದೋ ಕಳೆದುಹೋಗಿದ್ದ ನನ್ನ ದೊಡ್ಡ ಕತ್ತರಿ, ಎಲ್ಲ ಅದರಲ್ಲಿದ್ದವು. ಅವ್ವ ಕತ್ತರಿಯನ್ನು ತೊಳೆದು, ಮರಳಲ್ಲಿ ಉಜ್ಜಿ, ಮಾರಯ್ಯನ ಕೈಯಲ್ಲಿ ಕಳಿಸಿಕೊಟ್ಟಳು.

ಆಮೇಲೆ ಶಿವನಂಜಯ್ಯ ಬಂದ. ಜಗಲಿ ಒಡೆದಿದ್ದನ್ನು ನೋಡಿ ಅವನ ಮುಖ ಅರಳಿತು. ಇನ್ನು ಅಪ್ಪಣೆಗೆ ತಡೆಯಿಲ್ಲ, ಮೋರಿಯ ಅಂಚಿನಿಂದಲೇ ಅಂಗಡಿಯ ಗೋಡೆ ಎಬ್ಬಿಸಬಹುದು ಎಂದ. ಅವ್ವ ಕೇಳಿದ್ದು ಬೇರೆಯೇ.

“ಮೋರಿ ಆಚೆಗೆ ನನ್ನ ಜಾಗದೊಳಗೆ ನಾನು ಏನು ಬೇಕಾದ್ರೂ ಕಟ್ಟಬೋದಾ ಸಾ?”

ಓವರ್ಸಿಯರನನ್ನು ಅವಳು ಸಾ ಎಂದದ್ದು ಅದೇ ಮೊದಲು.

“ನಿಮ್ಮ ಜಾಗ, ನಿಮ್ಮಿಷ್ಟ. ನೆಲ ಗುರುತಿಗಿಂತ ಮೇಲಿದ್ದರೆ ಸಾಕು.”

ಅವ್ವ ಮೋರಿಯ ಅಂಚಿನಲ್ಲಿ ನಿಂತು, ಅಲ್ಲಿಂದ ಒಳಕ್ಕೆ ನಡೆದು, ಅಂಗಡಿಯ ಜಾಗದ ಹೆಚ್ಚು ಕಡಿಮೆ ಅರ್ಧಕ್ಕೆ ಹೋಗಿ ನಿಂತು, ಹೆಬ್ಬೆರಳಿನಿಂದ ಮಣ್ಣಿನ ಮೇಲೆ ಗೆರೆ ಎಳೆದಳು. “ಇಲ್ಲೀಗಂಟ ಜಗಲಿ. ಇಲ್ಲಿಂದ ಆಚೆಗೆ ಅಂಗಡಿ.”

“ಅಮ್ಮ, ಅರ್ಧ ಅಂಗಡಿ ಹೋಗುತ್ತೆ! ಹಿಂದುಗಡೆಯೂ ನೀರಿಗೆ ಜಾಗ ಬಿಡಬೇಕು. ಮೂಟೆ ಎಲ್ಲಿ ಇಡ್ತೀರಿ?”

“ಕಮ್ಮಿ ಮಡಗ್ತೀನಿ. ನಾನೊಬ್ಬಳಿಗೆ ಎಷ್ಟು ಬೇಕು?” ಎಂದಳು. “ನಮ್ಮತ್ತೆ ಜಗಲಿ ಕೊಟ್ಟಿದ್ದು ಮೋರಿ ಜಾಗದಲ್ಲಿ. ಅದು ಊರ ನೀರಿನ ಜಾಗ. ಕೊಡೋದಾದ್ರೆ ನನ್ನ ಜಾಗ ಕೊಡಬೇಕು.”

ಈ ಮಾತನ್ನು ಮಾರಯ್ಯ ಹುಣಸೆಮರದ ಕೆಳಗೆ ಬಂದು ನನಗೆ ಹೇಳಿದ. ನಾನು ಹೊಲಿಯುತ್ತಿದ್ದ ಅಂಗಿಯ ತೋಳನ್ನು ತಿರುವುಮುರುವಾಗಿ ಸೇರಿಸಿಬಿಟ್ಟೆ. ಮುನಿಸು ಆಗಲೇ ಇಳಿದು ಹೋಗಿತ್ತು. ಆದರೆ ಮುನಿಸಿಕೊಂಡು ಬಂದವನು ಕರೆಯದೆ ಹೋಗುವುದು ಹೇಗೆ? ಅಷ್ಟು ಬಿಂಕ ದರ್ಜಿಗೂ ಇರುತ್ತದೆ.

ಆಷಾಢದ ಹೊತ್ತಿಗೆ ಗೋಡೆ ಮೇಲೆದ್ದು, ಶ್ರಾವಣದಲ್ಲಿ ಹೆಂಚು ಹೊದಿಸಿದರು. ಮಾಡಿನಂಚಿಗೆ ತಗಡಿನ ದೋಣಿ ಬಂತು. ಮೋರಿಗೆ ಎರಡೂ ಕಡೆ ಕಲ್ಲು ಕಟ್ಟಿ, ದಾಟಲು ಎತ್ತಿ ಇಡುವ ಎರಡು ಚಪ್ಪಡಿ ಹಾಕಿದರು. ಅಂಗಡಿ ಸಣ್ಣದಾಯಿತು. ಅವ್ವ ಕೂತರೆ ಕೈಚಾಚಿ ಎಲ್ಲ ಡಬ್ಬಗಳನ್ನೂ ಮುಟ್ಟಬಹುದಿತ್ತು. ಜಗಲಿ ಮಾತ್ರ ಮೊದಲಿಗಿಂತ ಅಗಲವಾಗಿ, ಎತ್ತರವಾಗಿ, ಮಾಡಿನ ನೆರಳಿನೊಳಗೇ ಇತ್ತು. ಮುಂಚೆ ಬೆಟ್ಟದವರು ಮಳೆ ಬಂದರೆ ಒದ್ದೆಯಾಗುತ್ತಿದ್ದರು, ಇನ್ನು ಆ ತೊಂದರೆಯಿರಲಿಲ್ಲ.

ಅಂಗಡಿ ಪೂಜೆಯ ದಿನ ನಾನು ಹುಣಸೆಮರದ ಕೆಳಗೆ ತಲೆ ತಗ್ಗಿಸಿ ಹೊಲಿಯುತ್ತಿದ್ದೆ. ನನ್ನ ಮುಂದೆ ಯಾರೋ ನಿಂತಂತಾಯಿತು. ನೋಡಿದರೆ ಅವ್ವ. ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು.

“ಏನ್ಲಾ, ನಾನೇ ಬಂದು ಕರೀಬೇಕಾ ನಿನ್ನ? ಮೂಲೇಲಿ ನಿನ್ನ ಮಿಷನ್ನಿಗೆ ಅಂತ ಮಾರಯ್ಯನ ಕೈಲಿ ಜಾಗ ಮಾಡ್ಸಿವ್ನಿ. ಪಕ್ಕದ ಗೋಡೆಗೆ ಕಿಟಕೀನೂ ಮಡಗ್ಸಿವ್ನಿ, ನೂಲು ಕಾಣ್ಲಿ ಅಂತ.”

“ಅವ್ವ, ಎದ್ದೇಳು ಅಂದ್ಯಲ್ಲ,” ಎಂದೆ, ಚಿಕ್ಕ ಹುಡುಗನಂತೆ.

“ಅಂದೆ. ಈಗ ಬಾ, ಕೂತ್ಕೊ ಅಂತಿವ್ನಿ. ಮೊದಲ್ನೇ ಸಲ ನೀನಾಗೇ ಬಂದು ಕೂತಿದ್ದೆ. ಈ ಸಲ ನಾನು ಕರೀತಿವ್ನಿ.”

ಮಿಷನ್ನನ್ನು ಹೊತ್ತುಕೊಂಡು ಅವಳ ಹಿಂದೆ ನಡೆದೆ. ದಾರಿಯುದ್ದಕ್ಕೂ ಅಳುತ್ತಲೇ ಬಂದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಲ್ಲಿಂದ ಮುಂದೆ ಜಗಲಿಯ ಕಟ್ಟಳೆಗೆ ಅವ್ವ ಒಂದು ತುಂಡು ಸೇರಿಸಿದಳು. ವರ್ಷಕ್ಕೆ ಎರಡು ಸಲ, ಯುಗಾದಿಗೆ ಬೆಟ್ಟದವರು ಬಂದಾಗ ಒಮ್ಮೆ, ದೀಪಾವಳಿಗೆ ಬಂದಾಗ ಒಮ್ಮೆ, ಅವ್ವ ಜಗಲಿಯ ಮೇಲೆ ನಿಂತು ಕೈಮುಗಿದು “ಎಲ್ರೂ ಒಸಿ ಎದ್ದೇಳ್ರಪ್ಪ, ಮೋರಿ ತೆಗೀಬೇಕು,” ಎನ್ನುವಳು. ಮೊದಲ ವರ್ಷ ಹಾಗೆನ್ನುವಾಗ ಅವಳಿಗೆ ಅಳುಕಿತ್ತು. ಬೆಟ್ಟದವರು ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ನಾನೂ ಅಂಜಿದ್ದೆ. ಅವರು ಬೇಜಾರು ಮಾಡಿಕೊಳ್ಳುವುದಿರಲಿ, ಚಪ್ಪಡಿಯನ್ನು ತಾವೇ ಎತ್ತಿಟ್ಟು, ಹೂಳು ತೆಗೆಯುವ ಆಳುಗಳ ಕೈಯಿಂದ ಗುದ್ದಲಿ ಕಸಿದುಕೊಂಡರು. ಒಬ್ಬ ಮುದುಕ ಉಘೇ ಮಾದಪ್ಪ ಎಂದ, ಉಳಿದವರೆಲ್ಲ ಉಘೇ ಉಘೇ ಎನ್ನುತ್ತಾ ಮೋರಿಗಿಳಿದರು. ಬೆಟ್ಟಕ್ಕೆ ಹೋಗುವ ಮುಂಚೆ ಮಾದಪ್ಪನಿಗೆ ಒಂದು ಸೇವೆಯಾಯಿತು ಎಂದುಕೊಂಡರು. ಹೂಳು ತೆಗೆಯುವ ಆಳುಗಳಿಗೆ ಬೆಲ್ಲದ ಚೂರು ಆಗಲೂ ಸಿಗುತ್ತಿತ್ತು, ಕೆಲಸ ಆದ ಮೇಲೆ.

ಆಮೇಲೆ ಆ ಬೀದಿಯಲ್ಲಿ ಹೊಸದಾಗಿ ಅಂಗಡಿ ಕಟ್ಟಿದವರೆಲ್ಲ ಮೋರಿ ಬಿಟ್ಟು ಕಟ್ಟಿದರು. ಶಿವನಂಜಯ್ಯ ಯಾರ ಹತ್ತಿರವೂ ಹೆಚ್ಚು ಮಾತಾಡಬೇಕಾಗಿರಲಿಲ್ಲ. “ಪುಟ್ಟಮಲ್ಲಮ್ಮನ ಜಗಲಿ ನೋಡಿ ಬನ್ನಿ” ಎಂದರೆ ಮುಗಿಯಿತು. ವರ್ಗವಾಗಿ ಹೋಗುವ ದಿನ ಬಂದು ಅದೇ ಜಗಲಿಯ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿದು ಹೋದ.

ದೊಡ್ಡ ಮಳೆ ಮತ್ತೆ ಬಂದದ್ದು ಎಪ್ಪತ್ತರ ಆಚೆಗೆ, ಒಂದು ದೀಪಾವಳಿಯ ಹಿಂದಿನ ದಿನ. ಅವ್ವನ ತಲೆ ಪೂರ್ತಿ ನೆರೆತಿತ್ತು. ಮೊಣಕಾಲು ನೋವಿನಿಂದ ಜಗಲಿಯ ಕಂಬಕ್ಕೊರಗಿಯೇ ಕೂತಿರುತ್ತಿದ್ದಳು. ಅರವತ್ತಮೂರರ ಚಿತ್ತೆ ಮಳೆಯನ್ನು ಮೀರಿಸುವಂತೆ ಬೆಳಗಿನಿಂದ ಸುರಿಯುತ್ತಿತ್ತು. ಬೆಟ್ಟಕ್ಕೆ ಹೊರಟವರು ಜಗಲಿಯ ಮೇಲೆ ಒತ್ತೊತ್ತಾಗಿ ಕೂತಿದ್ದರು. ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದರು. ಗುಡ್ಡದ ಕೆಂಪು ನೀರು ಮೋರಿಯಲ್ಲಿ ಭೋರೆಂದು ಬಂತು. ಅವ್ವ ಅದನ್ನೇ ನೋಡುತ್ತಿದ್ದಳು. ನಾನೂ ಮಿಷನ್ನು ನಿಲ್ಲಿಸಿ ನೋಡಿದೆ. ನೀರು ನಮ್ಮ ಮುಂದೆ ಬಂತು, ಚಪ್ಪಡಿಯ ಕೆಳಗೆ ನುಸುಳಿತು, ಆಚೆಗೆ ಹೊರಟು ಕೆರೆಯ ಕಡೆಗೆ ಹೋಯಿತು. ಬೀದಿಗೆ ಒಂದು ತೊಟ್ಟೂ ಹತ್ತಲಿಲ್ಲ.

“ಓಯ್ತಾ ಅದೆ ಕಣ್ಲಾ,” ಎಂದಳು ಅವ್ವ.

“ಓಯ್ತಾ ಅದೆ ಕಣವ್ವ.”

ಅಷ್ಟರಲ್ಲಿ ಬೀದಿಯ ಕೆಳಗಿನಿಂದ ಯಾರೋ ಗೋಣಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಮೇಲಕ್ಕೆ ಹತ್ತಿ ಬರುತ್ತಿದ್ದುದು ಕಾಣಿಸಿತು. ಎದೆಗವಚಿಕೊಂಡ ಒಂದು ಬುಟ್ಟಿ, ಅದರ ಮೇಲೆ ಬಟ್ಟೆ. ಸೋಮಮ್ಮ. ಅವ್ವ ಕಂಬ ಹಿಡಿದು ಎದ್ದು ನಿಂತಳು. ಭಟ್ಟಿಗೆ ಮತ್ತೆ ನೀರು ನುಗ್ಗಿತೇ ಎಂದು ಅವಳ ಮುಖ ಬಾಡಿತು. ಸೋಮಮ್ಮ ಚಪ್ಪಡಿ ದಾಟಿ ಜಗಲಿ ಹತ್ತಿ ಬುಟ್ಟಿಯನ್ನು ಅವ್ವನ ಮುಂದಿಟ್ಟು ಬಟ್ಟೆ ತೆಗೆದಳು.

ಪುರಿ. ಒಲೆಯಿಂದ ಈಗಷ್ಟೇ ಇಳಿಸಿದ್ದು. ಮರಳಿನ ಕಾವು ಇನ್ನೂ ಹೋಗಿರಲಿಲ್ಲ, ಮಳೆಯ ಗಾಳಿಗೆ ಅದರಿಂದ ಸಣ್ಣಗೆ ಹಬೆಯೇಳುತ್ತಿತ್ತು.

ಆ ಬೀದಿಯಲ್ಲಿ ಅಷ್ಟು ವರ್ಷ ಇದ್ದರೂ ಇಂಥ ದೊಡ್ಡ ಮಳೆ ಸುರಿಯುವಾಗ ಬಿಸಿ ಪುರಿಯನ್ನು ನಾವ್ಯಾರೂ ಕಂಡಿರಲಿಲ್ಲ. ಅವ್ವ ಒಂದು ಹಿಡಿ ತೆಗೆದುಕೊಂಡು ಅಂಗೈಯಲ್ಲಿ ಮುಚ್ಚಿ ಹಿಡಿದಳು. ತಿನ್ನಲಿಲ್ಲ. ಆ ಬಿಸಿಯನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಳು. ಆಮೇಲೆ ಬುಟ್ಟಿಯನ್ನು ಬೆಟ್ಟದವರ ಕಡೆಗೆ ತಳ್ಳಿ, ಸೋಮಮ್ಮನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

“ನಿಂತೇ ಇದ್ದೀಯಲ್ಲೇ, ಕೂತ್ಕೊ,” ಎಂದಳು.